ಬಾಯಿ ಸೀಳಿದ ದೋಟಿಗೆ ಯಾವ ಗರಗಸ?

ಅಡಿಕೆ ಕೊನೆ ಕೊಯ್ಲಿನ ನಡುವೆ ಕಾರ್ಬನ್ ಫೈಬರ್ ದೋಟಿ (ಒಂದರೊಳಗೊಂದು ಕೂರುವ ಕೊಳವೆಗಳ, ಕೊನೆ ಇಳಿಸುವ ಉದ್ದ ಕೋಲು) ಕಲ್ಲಿಗೆ ಬಡಿದು ಕೊಳವೆಯ ಬಾಯಿ ಸೀಳಿದರೆ ಶಿರಸಿ ಕಡೆಯ ತೋಟಿಗರು ಮೊದಲು ಕೈಹಾಕುವುದು ಕಬ್ಬಿಣ ಕೊಯ್ಯುವ ಗ್ರೈಂಡರ್‌ಗೆ. ನಾನೂ ಹಾಗೇ ಮಾಡಿದ್ದೆ. ಕೊಳವೆ ಅರ್ಧ ನಿಮಿಷದಲ್ಲಿ ತುಂಡಾಯಿತು. ಆದರೆ ಅಂಚು ಸವೆದ ಪೊರಕೆಯ ಹಾಗೆ ಕೆದರಿಕೊಂಡಿತ್ತು, ಸುಟ್ಟ ಅಂಟಿನ ವಾಸನೆ ಬೇರೆ. ಮುಂಗೈ ಎರಡು ದಿನ ತುರಿಸಿತು.

ಇದು ಕಬ್ಬಿಣವೂ ಅಲ್ಲ, ಬಿದಿರೂ ಅಲ್ಲ. ಇದರ ಒಂದೊಂದು ಎಳೆ 5ರಿಂದ 10 ಮೈಕ್ರಾನ್ ದಪ್ಪ, ತಲೆಗೂದಲಿನ ಹತ್ತನೇ ಒಂದು ಪಾಲು ಎನ್ನಬಹುದು. ಅಂಥ ಸಾವಿರಾರು ಎಳೆಗಳನ್ನು ಎಪಾಕ್ಸಿ ಅಂಟು ಹಿಡಿದಿಟ್ಟಿರುತ್ತದೆ. ಎಳೆ ಗಡಸು, ಅಂಟು ಮೆದು. ದೊಡ್ಡ ಹಲ್ಲಿನ ಗರಗಸ ಎಳೆಯನ್ನು ತುಂಡು ಮಾಡುವ ಮೊದಲೇ ಕಿತ್ತು ಎಬ್ಬಿಸುತ್ತದೆ. ವೇಗ ಹೆಚ್ಚಾದರೆ ಬಿಸಿಗೆ ಅಂಟು ಮೆತ್ತಗಾಗುತ್ತದೆ. ಹಾಗಾಗಿ ಕೊಯ್ಯುವುದನ್ನು ಮರೆತು ಗಂಧ ತೇಯುವುದನ್ನು ನೆನಪಿಸಿಕೊಳ್ಳಿ: ತರಿತರಿಯಾದ ಮೈ, ತುಸು ನೀರು, ಹಗುರ ಕೈ.

ಅದಕ್ಕೆ ಹೇಳಿಮಾಡಿಸಿದ್ದು ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಕೈಗರಗಸ) ಫ್ರೇಮಿಗೇ ಕೂರುವ, ಹಲ್ಲೇ ಇಲ್ಲದೆ ಟಂಗ್‌ಸ್ಟನ್ ಕಾರ್ಬೈಡ್ ಹರಳು ಹಚ್ಚಿದ ಬ್ಲೇಡ್. ಟೈಲ್ಸ್ ಕೆಲಸದವರ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಒಂದೇ ಒಂದು ಕಡೆ ಕತ್ತರಿಸುವುದಿದ್ದರೆ ಇಂಚಿಗೆ 32 ಹಲ್ಲಿನ ಸಾಮಾನ್ಯ ಹ್ಯಾಕ್ಸಾ ಬ್ಲೇಡೂ ನಡೆಯುತ್ತದೆ, ಹೊಸದಾಗಿರಬೇಕು ಅಷ್ಟೇ. ಕಾರ್ಬನ್ ಅದರ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. 18 ಹಲ್ಲಿನದು ಬೇಡವೇ ಬೇಡ. ಗ್ರೈಂಡರೇ ಬೇಕೆನ್ನುವವರು ಅಂಚಿನಲ್ಲಿ ಕಚ್ಚುಗಳಿಲ್ಲದ ಡೈಮಂಡ್ ಬ್ಲೇಡ್ ಹಾಕಿಕೊಳ್ಳಲಿ. ಆದರೆ ಕರೆಂಟಿನ ಗ್ರೈಂಡರ್ ಹಿಡಿದು ನೀರು ಸುರಿಯುವ ಸಾಹಸ ಬೇಡ, ನೀರಿಲ್ಲದಿದ್ದರೆ ದೂಳು ಮನೆ ತುಂಬಾ. ನನ್ನ ಮತ ಕೈಗರಗಸಕ್ಕೇ. ಪ್ಲಂಬರುಗಳ ಸುತ್ತು ತಿರುಗಿಸುವ ಪೈಪ್ ಕಟರ್ ಮಾತ್ರ ಹತ್ತಿರ ತರಬೇಡಿ, ಅದು ಕೊಳವೆಯನ್ನು ಅದುಮಿ ಬಿರುಕು ಬಿಡಿಸುತ್ತದೆ.

ಎಲ್ಲಿ ಕತ್ತರಿಸುವುದು? ಕಣ್ಣಿಗೆ ಕಾಣುವ ಬಿರುಕಿಗಿಂತ ಒಳಗಿನ ಬಿರುಕು ಉದ್ದ. ನಾಣ್ಯದಿಂದ ತುದಿಯಿಂದ ಹಿಂದಕ್ಕೆ ತಟ್ಟುತ್ತಾ ಬನ್ನಿ. ಪದರ ಬಿಟ್ಟ ಕಡೆ ಒಡೆದ ಮಡಕೆಯಂತೆ ಬೊದ್ದು ಸದ್ದು, ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ. ಸದ್ದು ಸರಿಯಾದಲ್ಲಿಂದ ಇನ್ನೂ ಒಂದಿಂಚು ಹಿಂದೆ ಗುರುತು ಮಾಡಿ. ಅಷ್ಟು ಹೋದ ಮೇಲೂ ಮುಂದಿನ ಕೊಳವೆ ಒಳಗೆ ಸಾಕಷ್ಟು ಕೂತಿರುತ್ತದೆಯೇ ಎಂದು ಅಳೆದೇ ಮುಂದುವರಿಯಿರಿ. ಬಿರುಕು ನಟ್ಟನಡುವೆ ಇದ್ದರೆ ಕತ್ತರಿಸಿ ಜೋಡಿಸುವ ಆಸೆ ಬಿಡಿ. ತಲೆಯ ಮೇಲೆ ಎತ್ತಿ ಹಿಡಿಯುವ ಸಾಮಾನದು.

ಗುರುತು ನೇರವಾಗಲು ಒಂದು ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿ. ಅಂಚಿಗೆ ಅಂಚು ಕೂಡಿದರೆ ಗೆರೆ ನೇರ. ಅದರ ಮೇಲೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಎರಡು ಸುತ್ತು. ಎಳೆ ಮೇಲೇಳದಂತೆ ತಡೆಯುವುದು ಇದೇ. ಕೊಳವೆಯೊಳಗೆ ಅಳತೆಗೆ ಕೆತ್ತಿದ ಮರದ ಗೂಟ ತೂರಿಸಿ. ವೈಸಿಗೆ ನೇರವಾಗಿ ಕಚ್ಚಿಸಬೇಡಿ. ಹಳೆ ಸೈಕಲ್ ಟ್ಯೂಬ್ ಸುತ್ತಿ, ಎರಡು ಅಡಿಕೆ ದಬ್ಬೆಗಳ ನಡುವೆ ಕಟ್ಟಿದರೂ ಸಾಕು. ಈಗ ಟೇಪಿನ ಮೇಲೆ ಹನಿ ನೀರು ಬಿಟ್ಟು, ಒಂದೇ ಕಡೆಯಿಂದ ಕೊನೆಯವರೆಗೆ ಎಳೆಯದೆ, ಕೊಳವೆಯನ್ನು ತಿರುಗಿಸುತ್ತಾ ಸುತ್ತಲೂ ಮೇಲ್ಪದರಕ್ಕೆ ಗೀರು ಹಾಕಿ. ಆಮೇಲೆ ಆಳಕ್ಕೆ. ಕಡೆಯ ತುಸು ಭಾಗದಲ್ಲಿ ತುಂಡಿನ ಭಾರಕ್ಕೆ ಕೊಳವೆ ಮುರಿದು ಸಿಗುರು ಏಳುತ್ತದೆ, ಇನ್ನೊಬ್ಬರು ಹಿಡಿದುಕೊಳ್ಳಲಿ.

ದೂಳಿನ ವಿಷಯದಲ್ಲಿ ಉದಾಸೀನ ಬೇಡ. ಬಾಯಿಗೆ ಕಟ್ಟಿದ ಪಂಚೆ ತುದಿ ಸಾಲದು. ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಈ ದೂಳಿನಲ್ಲಿ ವಿದ್ಯುತ್ ಹರಿಯುತ್ತದೆ, ಪಂಪಿನ ಸ್ಟಾರ್ಟರ್ ಬಳಿ ಕೂತು ಕೆಲಸ ಮಾಡಬೇಡಿ. (ದೋಟಿ ಕರೆಂಟ್ ಲೈನಿಗೆ ತಾಗಬಾರದು ಎನ್ನುವುದೂ ಇದೇ ಕಾರಣಕ್ಕೆ.) ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತುಂಡುಗಳನ್ನು ಬಚ್ಚಲ ಒಲೆಗೆ ತುರುಕಬೇಡಿ, ಸುಟ್ಟರೆ ಎಳೆಗಳು ಹೊಗೆಯೊಡನೆ ಹಾರುತ್ತವೆ.

ಟೇಪ್ ಬಿಚ್ಚುವ ಮೊದಲೇ 220 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿ ಅಂಚು ಉಜ್ಜಿ, ಆಮೇಲೆ 400. ಹೊರಗಿನಿಂದ ಒಳಕ್ಕೆ ಉಜ್ಜಿದರೆ ಪದರ ಏಳುವುದಿಲ್ಲ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಯಲ್ಲಿ ಇಂಥ ಕೊಳವೆಗೆ ಅಲ್ಯೂಮಿನಿಯಂ ಬಳೆ ಕೂರಿಸುವವರು ನಡುವೆ ಒಂದು ಪದರ ಎಪಾಕ್ಸಿ ಹಾಕಲೇಬೇಕು. ಕಾರ್ಬನ್ ತಾಗಿದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ.

ಅಂಚು ಪೂರ್ತಿ ಒಣಗಿದ ಮೇಲೆ ಅರಾಲ್ಡೈಟ್ ಎಪಾಕ್ಸಿ ಅಂಟನ್ನು ತೆಳ್ಳಗೆ ಸವರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದರ ಸುತ್ತ ಹತ್ತಿಯ ತುಣುಕು ಎಳೆದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೊಂದು ಸುತ್ತು ಉಜ್ಜುವುದಿದೆ.