ಶೆಡ್ಡಿನಲ್ಲಿ ನಿಂತ ಹೆರಾಲ್ಡ್: ಕೊಳ್ಳುವ ಮುಂಚೆ ನಾನು ನೋಡಿದ್ದು, ತಂದ ಮೇಲೆ ಮಾಡಿದ್ದು

ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಸ್ಪೋರ್ಟ್ಸ್ ಕಾರು ಎಂದರೆ ಕೆಲವರು ಒಪ್ಪುವುದಿಲ್ಲ. ಆದರೆ 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಕಟ್ಟಿದ ಗಾಡಿ. ಹೆರಾಲ್ಡಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 91.5 ಇಂಚು, ಸ್ಪಿಟ್‌ಫೈರಿನದು 83. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜಿಯೋವಾನಿ ಮಿಕೆಲೊಟ್ಟಿ. ಮುಂದಿನ ಸಸ್ಪೆನ್ಷನ್ ವಿನ್ಯಾಸ, ಹಿಂದಿನ ಅಡ್ಡ ಕಮಾನ್ (ಲೀಫ್ ಸ್ಪ್ರಿಂಗ್), ಮೂತಿಯ ಸಮೇತ ಮುಂದಕ್ಕೆ ಮಗುಚುವ ಬಾನೆಟ್ ಎಲ್ಲ ಒಂದೇ ಮನೆತನದ್ದು. ನಮ್ಮ ಕಡೆ ಸ್ಪಿಟ್‌ಫೈರ್ ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಮಾಡಿದ ಹೆರಾಲ್ಡ್ ಮಾತ್ರ ತುಮಕೂರು ಜಿಲ್ಲೆಯ ತೋಟದ ಮನೆಗಳಲ್ಲಿ ಇನ್ನೂ ಕಣ್ಣಿಗೆ ಬೀಳುತ್ತದೆ. ಅದರ ನಂತರ ಬಂದ ಗೆಝೆಲ್‌ಗೆ ಹಿಂದೆ ಮಾಮೂಲಿ ಆ್ಯಕ್ಸಲ್ ಇದೆ, ಎರಡು ಚಕ್ರಗಳೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಹೆರಾಲ್ಡಿನ ಸ್ವಿಂಗ್ ಆ್ಯಕ್ಸಲ್ ಅಲ್ಲ. ಬೇಕಾದ್ದು ಹೆರಾಲ್ಡ್ ಆದರೆ ಮೊದಲು ಬಗ್ಗಿ ಇದೊಂದನ್ನು ಖಾತ್ರಿ ಮಾಡಿಕೊಳ್ಳಿ.

ನಾನು ತಂದದ್ದು ತಿಪಟೂರು ಕಡೆಯ ಕೊಬ್ಬರಿ ಶೆಡ್ಡಿನಿಂದ. ಮೇಲೆ ಅಟ್ಟದಲ್ಲಿ ಕಾಯಿ, ಕೆಳಗೆ ಕಾರು. ಬಯಲುಸೀಮೆಯ ಇಂಥ ಜಾಗ ತಗಡಿಗೆ ಒಳ್ಳೆಯದು. ಮಂಗಳೂರು ಕಡೆಯ ಉಪ್ಪು ಗಾಳಿಯಲ್ಲಿ ನಿಂತ ಕಾರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಕೊಬ್ಬರಿ ಇದ್ದ ಕಡೆ ಇಲಿ ಇರುತ್ತದೆ. ಇಲಿ ವೈರನ್ನು ಕಡಿಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಸೀಟಿನ ಕೆಳಗೆ ಗೂಡು ಕಟ್ಟಿ ವರ್ಷಗಟ್ಟಲೆ ಹುಯ್ದ ಉಚ್ಚೆ ಫ್ಲೋರಿನ ತಗಡನ್ನೇ ತಿಂದು ಹಾಕುತ್ತದೆ ಎನ್ನುವುದನ್ನು ಕಾರು ನೋಡಲು ಹೋದವರು ಮರೆಯುತ್ತಾರೆ. ಹಿಂದಿನ ಸೀಟು ಎತ್ತಿ, ಮ್ಯಾಟ್ ಸರಿಸಿ, ಮೂಲೆಗಳನ್ನು ಸ್ಕ್ರೂಡ್ರೈವರಿನಿಂದ ಕೆರೆದು ನೋಡಿ.

ಮಾರುವವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಎಂಜಿನ್ ಫ್ರೀ ಇದೆ ಸಾರ್, ಬ್ಯಾಟ್ರಿ ಹಾಕಿದ್ರೆ ಸ್ಟಾರ್ಟ್ ಆಗುತ್ತೆ." ಕೇಳಿಸಿಕೊಳ್ಳಿ, ಆದರೆ ಎಂಜಿನ್ನನ್ನು ಕೊನೆಗೆ ನೋಡಿ. 948 ಸಿಸಿಯ ಆ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಯಾವ ಬೋರಿಂಗ್ ಅಂಗಡಿಯಲ್ಲಾದರೂ ಮಾಡಿಸಬಹುದು. ಚಾಸಿ ಹೋಗಿದ್ದರೆ, ಕಾಗದ ಇಲ್ಲದಿದ್ದರೆ, ಸಣ್ಣ ಸಣ್ಣ ಸಾಮಾನು ಕಳೆದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹೊಸ ಬಣ್ಣ ಹೊಡೆದು ಓಡಿಸಿ ತೋರಿಸುವ ಕಾರಿಗಿಂತ, ಧೂಳು ಹಿಡಿದು ನಿಂತ, ಎಲ್ಲ ಸಾಮಾನೂ ಇರುವ ಕಾರೇ ಮೇಲು. ಹೊಸ ಬಣ್ಣದ ಕೆಳಗೆ ಎಷ್ಟು ಪುಟ್ಟಿ ಇದೆ ಎಂದು ಬಣ್ಣ ಹೊಡೆಸಿದವರಿಗೆ ಮಾತ್ರ ಗೊತ್ತು. ತೆಳು ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮಡ್‌ಗಾರ್ಡಿನ ಕಮಾನು, ಬಾಗಿಲಿನ ಕೆಳ ಅಂಚು, ಡಿಕ್ಕಿಯ ಮೂಲೆಗಳ ಮೇಲೆ ಓಡಿಸಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿನ ಬದಲು ಪುಟ್ಟಿ ಇದೆ.

ಕಾಗದದ ವಿಷಯ. ಆ ಕಾಲದ ಕಾರುಗಳ ನಂಬರು ಎಂವೈ ಎಂದು ಶುರುವಾಗುತ್ತದೆ, ಆರ್‌ಸಿ ಪುಸ್ತಕದ ರೂಪದಲ್ಲಿರುತ್ತದೆ, ಎಷ್ಟೋ ಸಲ ಅದರ ವಿವರ ಈಗಿನ ಕಂಪ್ಯೂಟರಿಗೆ ಏರಿರುವುದೇ ಇಲ್ಲ. ಮುಂಗಡ ಕೊಡುವ ಮುಂಚೆ ಆರ್‌ಟಿಓ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ (ನೋಂದಣಿ ವಿವರದ ನಕಲು) ತೆಗೆಸಿ. ತಿಪಟೂರು, ಮಧುಗಿರಿ ಕಡೆಯ ಹಳೆಯ ಕಡತ ತುಮಕೂರಿನಲ್ಲಿರಬಹುದು. ಚಿಕ್ಕಬಳ್ಳಾಪುರ 2007ರವರೆಗೂ ಕೋಲಾರ ಜಿಲ್ಲೆಯಲ್ಲೇ ಇದ್ದದ್ದರಿಂದ ಆ ಕಡೆಯ ಕಾರಿನ ಕಡತವನ್ನು ಕೋಲಾರದಲ್ಲಿ ಕೇಳಬೇಕಾಗಬಹುದು. ಎಕ್ಸ್‌ಟ್ರಾಕ್ಟ್ ಕೈಗೆ ಬಂದ ಮೇಲೆ ಬಾನೆಟ್ ಮಗುಚಿ, ಬಲ್ಕ್‌ಹೆಡ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ಪ್ಲೇಟಿನ ನಂಬರನ್ನೂ ಎಂಜಿನ್ ಬ್ಲಾಕಿನ ಎಡಬದಿಯಲ್ಲಿ ಹೆಡ್ಡಿನ ಕೆಳಗೆ ಕೊರೆದ ನಂಬರನ್ನೂ ಪೆನ್ಸಿಲ್ ಪ್ರಿಂಟ್ ತೆಗೆದು ತಾಳೆ ನೋಡಿ. ಪ್ಲೇಟಿನ ರಿವೆಟ್ ಹೊಸದಾಗಿ ಹೊಳೆಯುತ್ತಿದ್ದರೆ ಕಾರಣ ಕೇಳಿ. ಆರ್‌ಸಿಯಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಮೊದಲು ಫಾರಂ 31ರಲ್ಲಿ ಅವರ ಹೆಸರಿಗೆ ಆಗಲಿ, ಆಮೇಲೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. "ಆಮೇಲೆ ಮಾಡ್ಕೊಡ್ತೀವಿ ಬಿಡಿ" ಎಂಬ ಮಾತಿಗೆ ದುಡ್ಡು ಎಣಿಸಬೇಡಿ.

2021ರ ಕೇಂದ್ರದ ವಿಂಟೇಜ್ ನಿಯಮವನ್ನೂ ಕೊಳ್ಳುವ ಮುಂಚೆಯೇ ಓದಿಕೊಳ್ಳಬೇಕು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಮರುನೋಂದಣಿಗೆ 5,000. ಹಳೆಯ ನಂಬರು ಚಾಲ್ತಿಯಲ್ಲಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಆ ನೋಂದಣಿಯಲ್ಲಿ ದಿನಬಳಕೆಗೆ ರಸ್ತೆಗಿಳಿಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ. ಬೇರೆ ಕಾರಿನ ಎಂಜಿನ್ ಕೂರಿಸುವ ಆಲೋಚನೆ ಇದ್ದರೆ ಈ ದಾರಿ ಮುಚ್ಚಿತು ಎಂದೇ ತಿಳಿಯಿರಿ.

ಇನ್ನು ಚಾಸಿ. ಚಾಪೆ, ಟಾರ್ಚ್, ಎರಡು ಗಟ್ಟಿ ಸ್ಟ್ಯಾಂಡ್, ಸಣ್ಣ ಸುತ್ತಿಗೆ, ಚೂಪು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ, ಕಾರಿನ ಕೆಳಗೆ ಒಂದು ಗಂಟೆ ಮಲಗಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಲೇಬಾರದು. ಹೆರಾಲ್ಡಿಗೆ ಬಾಡಿ ಬೇರೆ, ಚಾಸಿ ಬೇರೆ. ನಡುವೆ ಎರಡು ಉದ್ದ ಪೆಟ್ಟಿಗೆ ತೊಲೆ, ಅವುಗಳಿಂದ ರೆಕ್ಕೆಯಂತೆ ಹೊರಚಾಚಿದ ಔಟ್‌ರಿಗ್ಗರುಗಳು, ಅವುಗಳ ತುದಿ ಸೇರಿಸುವ ಪಕ್ಕದ ಕಂಬಿ. ಚಕ್ರ ಎರಚಿದ ಕೆಸರು ಔಟ್‌ರಿಗ್ಗರಿನ ಒಳಗೆ ಕೂತು, ತಗಡು ಒಳಗಿನಿಂದ ಹೊರಗೆ ಕೊಳೆಯುತ್ತದೆ. ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿದ್ದರೂ ಸುತ್ತಿಗೆ ತಟ್ಟಿದರೆ ಡಬ್ಬ್ ಎಂದು ಮಂಕು ಸದ್ದು ಬರುತ್ತದೆ. ಗಟ್ಟಿ ತಗಡು ಠಣ್ ಎನ್ನುತ್ತದೆ. ಔಟ್‌ರಿಗ್ಗರು ಹೋಗಿದ್ದರೆ ಹೆದರಬೇಕಿಲ್ಲ. 16 ಗೇಜ್, ಅಂದರೆ 1.6 ಮಿಮೀ ಶೀಟನ್ನು ಹಳೆಯದರ ಅಳತೆಗೇ ಮಡಿಸಿ ಮಿಗ್ ವೆಲ್ಡಿಂಗ್ ಮಾಡಿಸಬಹುದು. ಆದರೆ ನಡುವಿನ ಉದ್ದ ತೊಲೆಗಳಲ್ಲಿ, ಅದರಲ್ಲೂ ಡಿಫರೆನ್ಷಿಯಲ್ ಕೂರುವ ಜಾಗದ ಸುತ್ತ, ಸ್ಕ್ರೂಡ್ರೈವರ್ ಒಳಗೆ ಹೋದರೆ ಆ ಕಾರನ್ನು ಬಿಡಿ, ಎಷ್ಟೇ ಅಗ್ಗವಾಗಲಿ. ಅಲ್ಲಿನ ಅಳತೆ ಕೊಂಚ ತಪ್ಪಿದರೂ ಕಾರು ನೇರಕ್ಕೆ ಓಡುವುದಿಲ್ಲ.

ಬಾಗಿಲಿನ ಸಂದು ಚಾಸಿಯ ಸ್ಥಿತಿ ಹೇಳುತ್ತದೆ. ಬಾಗಿಲಿನ ಹಿಂದಿನ ಅಂಚಿನಲ್ಲಿ ಮೇಲೆ ಸಂದು ಮುಚ್ಚಿಕೊಂಡು ಕೆಳಗೆ ಬಾಯಿ ತೆರೆದಿದ್ದರೆ ಚಾಸಿ ನಡುವೆ ಕುಸಿದಿದೆ, ಇಲ್ಲವೇ ಬಾಡಿ ಮೌಂಟಿನ ಕೆಳಗಿನ ಪ್ಯಾಕಿಂಗ್ ಹೋಗಿದೆ. ಪ್ಯಾಕಿಂಗ್ ಆದರೆ ಅರ್ಧ ದಿನದ ಕೆಲಸ. ಯಾವುದು ಎಂದು ತಿಳಿಯಲು ಎರಡು ತೊಲೆಗಳ ಉದ್ದಕ್ಕೂ ದಾರ ಬಿಗಿದು ನೋಡಿ.

ಮುಂದಿನ ಚಕ್ರದ ಕೆಳಗಿನ ಟ್ರುನಿಯನ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಚಕ್ರ ಹಿಡಿದ ನೇರ ಕಂಬಿಯ ಕೆಳತುದಿಯಲ್ಲಿ ಮರೆ (ಸ್ಕ್ರೂವಿನಂಥ ಥ್ರೆಡ್) ಇದೆ. ಆ ಮರೆ ಹಿತ್ತಾಳೆ ಬಣ್ಣದ ಟ್ರುನಿಯನ್ ಒಳಗೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದ್ದು ಇಪಿ 90 ಗೇರ್ ಆಯಿಲ್. ನಮ್ಮ ಗ್ಯಾರೇಜುಗಳಲ್ಲಿ ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಚ್ಚುವುದು ರೂಢಿ. ಗ್ರೀಸ್ ಮರೆಯ ಒಳಗೆ ಇಳಿಯುವುದಿಲ್ಲ, ಒಣಗಿ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಕೆಳಗೆ ನೀರು ಸೇರಿ ತುಕ್ಕು ಹಿಡಿದ ಕಂಬಿ ಮರೆಯ ಮೇಲ್ತುದಿಯಲ್ಲಿ ಮುರಿದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಬಹಳ ಸಲ ಇದಾಗುವುದು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ. ಆದ್ದರಿಂದ ನಿಂತ ಕಾರಿನಲ್ಲಿ ಎರಡೂ ಬದಿಯ ಟ್ರುನಿಯನ್ ಬಿಚ್ಚದೆ ಹತ್ತು ಅಡಿಯೂ ಓಡಿಸಬೇಡಿ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮರೆಯಲ್ಲಿ ಗುಂಡಿ ಗುಂಡಿ ತುಕ್ಕು ಇದ್ದರೆ ಕಂಬಿಯನ್ನೇ ಬದಲಿಸಿ. ಪಾಲಿಶ್ ಮಾಡಿ ಮತ್ತೆ ಹಾಕುವ ಸಾಮಾನಲ್ಲ ಅದು. ಜೋಡಿಸಿದ ಮೇಲೆ ಮೇಲಿನಿಂದ ಆಯಿಲ್ ಉಕ್ಕುವವರೆಗೆ ತುಂಬಿ. ಆಮೇಲೆ ಒಂದಿಷ್ಟು ಸೋರುತ್ತದೆ, ಅದು ದೋಷವಲ್ಲ.

ಹಿಂದೆ, ಎರಡು ಚಕ್ರಕ್ಕೂ ಸೇರಿ ಅಡ್ಡಕ್ಕೆ ಒಂದೇ ಕಮಾನ್. ಅದು ದಣಿದಿದ್ದರೆ ಚಕ್ರಗಳ ತಲೆ ಒಳಕ್ಕೆ ವಾಲಿರುತ್ತದೆ. ಹಿಂದಿನಿಂದ ಹತ್ತು ಹೆಜ್ಜೆ ದೂರ ನಿಂತರೆ ಬರಿಗಣ್ಣಿಗೇ ಕಾಣುತ್ತದೆ.

ಈಗ ಎಂಜಿನ್. ನಿಂತು ಹೋದ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಪ್ಲಗ್ ನಾಲ್ಕನ್ನೂ ಬಿಚ್ಚಿ, ಒಂದೊಂದು ಸಿಲಿಂಡರಿಗೆ 20 ಮಿಲೀ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಸಮ ಬೆರೆಸಿ ಬಿಟ್ಟು, ಮೂರು ದಿನ ಬಿಡಿ. ಆಮೇಲೆ ನಾಲ್ಕನೇ ಗೇರಿನಲ್ಲಿಟ್ಟು ಕಾರನ್ನೇ ಹಿಂದೆ ಮುಂದೆ ಮೆಲ್ಲಗೆ ತಳ್ಳಿ. ತಿರುಗಿದರೆ ಕಂಪ್ರೆಷನ್ ನೋಡಿ: ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ.

ಈ ಎಂಜಿನ್ನಿನ ನಿಜವಾದ ಬಲಹೀನತೆ ಕ್ರ್ಯಾಂಕಿನ ಥ್ರಸ್ಟ್ ವಾಷರ್, ಅಂದರೆ ಕ್ರ್ಯಾಂಕು ಹಿಂದೆ ಮುಂದೆ ಜಾರದಂತೆ ತಡೆಯುವ ವಾಷರ್. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ನೀವು ಮುಂದೆ ಕ್ರ್ಯಾಂಕ್ ಪುಲ್ಲಿ ನೋಡುತ್ತಿರಿ. ಪುಲ್ಲಿ ಮುಂದೆ ಹಿಂದೆ ಜಾರುವುದು ಕಣ್ಣಿಗೆ ಕಂಡರೆ ಅದು ಅತಿಯಾಯಿತು. ಸರಿಯಾದ ಆಟ 0.1ರಿಂದ 0.2 ಮಿಮೀ ಅಷ್ಟೇ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕು ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಅರ್ಧಚಂದ್ರದ ವಾಷರು ಸವೆದು ಸವೆದು ಕಡೆಗೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಬಿದ್ದುಹೋಗುತ್ತದೆ, ಆಮೇಲೆ ಕ್ರ್ಯಾಂಕು ಬ್ಲಾಕನ್ನೇ ಉಜ್ಜುತ್ತದೆ. ಸಮಯಕ್ಕೆ ಸಿಕ್ಕರೆ ಎಂಜಿನ್ ಇಳಿಸುವುದೇ ಬೇಡ: ಸಂಪ್ ತೆಗೆದು, ಹಿಂದಿನ ಮೇನ್ ಬೇರಿಂಗ್ ಕ್ಯಾಪ್ ಬಿಚ್ಚಿ ಹೊಸದನ್ನು ತೂರಿಸಬಹುದು. ಗೆರೆ ಇರುವ ಮುಖ ಕ್ರ್ಯಾಂಕಿನ ಕಡೆಗಿರಬೇಕು; ಉಲ್ಟಾ ಹಾಕಿದರೆ ಬೇಗ ಸವೆಯುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಸಾಮಾನ್ಯವಾದ ಇನ್ನೊಂದು ಕಾಟ ಬೋರ್‌ವೆಲ್ ನೀರು. ನಮ್ಮ ಗಡಸು ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದದ್ದರಿಂದ, ಅಡುಗೆಮನೆಯ ಪಾತ್ರೆಗೆ ಹಿಡಿಯುವ ಬಿಳಿ ಕಲೆಯೇ ಬ್ಲಾಕಿನ ಒಳಗೂ ಹಿಡಿದಿರುತ್ತದೆ. ಕೆಸರು ಹಿಂದಿನ ಸಿಲಿಂಡರಿನ ಸುತ್ತ ಗಟ್ಟಿಯಾಗಿ, ಆ ಭಾಗ ಕಾಯುತ್ತದೆ. ಬ್ಲಾಕಿನ ನೀರಿನ ದಾರಿಯ ತಗಡು ಮುಚ್ಚಳಗಳನ್ನು (ಕೋರ್ ಪ್ಲಗ್) ಕಿತ್ತು ಕಂಬಿಯಿಂದ ಕೆದಕಿ, ಹೊಸ ಪ್ಲಗ್ ಹೊಡೆದ ಮೇಲೆ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿದ ನೀರನ್ನು ತುಂಬಿ, ಎಂಜಿನ್ ಬಿಸಿ ಮಾಡಿ, ಎರಡು ಗಂಟೆ ಬಿಟ್ಟು ಚೆಲ್ಲಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧರ್ಧ.

ಪೆಟ್ರೋಲಿನ ಕಡೆ ಎರಡು ಕೆಲಸ ತಪ್ಪಿಸುವಂತಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಹಳೆಯ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಾಮನ್ನೂ ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಅಂಟನ್ನು ಕರಗಿಸಿ ಕಾರ್ಬೊರೇಟರಿಗೆ ತಂದು ತುಂಬುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಪೈಪೆಲ್ಲ ಎಥನಾಲ್ ತಡೆಯುವ ವಿಟಾನ್ ರಬ್ಬರಿನದು ಹಾಕಿಸಿ. ಪೈಪಿನ ಬಾಯಿಗಳಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಇರುತ್ತದೆ, ಗಾಳಿ ಊದಿ ನೋಡಿ. ಎರಡನೆಯದು ಹೆಡ್. ಸೀಸವಿದ್ದ ಪೆಟ್ರೋಲು 2000ದಲ್ಲೇ ದೇಶದಲ್ಲಿ ನಿಂತುಹೋಯಿತು. ಆ ಕಾಲದ ಹೆಡ್ಡಿನ ಮೆತ್ತನೆ ಸೀಟಿಗೆ ವಾಲ್ವ್ ಹೂತುಕೊಳ್ಳುತ್ತಾ ಹೋಗಿ ಟ್ಯಾಪೆಟ್ ಸಂದು ಮತ್ತೆ ಮತ್ತೆ ಕಿರಿದಾಗುತ್ತದೆ. ಹೆಡ್ ಬಿಚ್ಚಿದಾಗಲೇ ಎಕ್ಸಾಸ್ಟ್ ನಾಲ್ಕಕ್ಕೂ ಗಟ್ಟಿ ಸೀಟು ಕೂರಿಸಿಬಿಡಿ. ಟ್ಯಾಪೆಟ್ ಸಂದು ತಣ್ಣಗಿರುವಾಗ 0.010 ಇಂಚು.

ವೈರಿಂಗ್ ಇಲಿ ಕಡಿದಿದ್ದರೆ ತೇಪೆ ಹಾಕಬೇಡಿ, ಪೂರ್ತಿ ಹೊಸದು ಕಟ್ಟಿಸಿ. ಬ್ರೇಕಿನ ಸಿಲಿಂಡರುಗಳು ಖಂಡಿತ ಹಿಡಿದಿರುತ್ತವೆ. ಲೇತ್‌ನಲ್ಲಿ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಬಹುದು. ಸೀಟು, ರೆಕ್ಸಿನ್ ಕೊನೆಯ ಮಾತು.

ಬೆಲೆ ಕಟ್ಟುವಾಗ ಇಲ್ಲದ ಸಾಮಾನನ್ನು ಎಣಿಸಬೇಕು. ದೀಪದ ರಿಂಗು, ಬ್ಯಾಡ್ಜ್, ಗಾಜು, ಬಾಗಿಲಿನ ಹಿಡಿ, ಮೀಟರು, ಬಂಪರ್: ಒಂದೊಂದೂ ತಿಂಗಳು ಹುಡುಕಿಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೆಲವು ಸಿಕ್ಕಾವು. ಯಂತ್ರದ ಭಾಗಗಳಿಗೆ ದಾರಿ ಇದೆ, ಸ್ಪಿಟ್‌ಫೈರಿನಿಂದಾಗಿ ಇಂಗ್ಲೆಂಡಿನಲ್ಲಿ ಟ್ರುನಿಯನ್, ಥ್ರಸ್ಟ್ ವಾಷರ್, ಬುಷ್ಷು ಈಗಲೂ ತಯಾರಾಗುತ್ತವೆ. ಮದ್ರಾಸಿನಲ್ಲಿ ಮಾಡಿದ ಅಲಂಕಾರದ ಸಾಮಾನಿಗೆ ಆ ದಾರಿ ಇಲ್ಲ. ಆದ್ದರಿಂದ ಶೆಡ್ಡಿನ ಮೂಲೆ, ಅಟ್ಟ, ಹಳೆಯ ಗೋಣಿಚೀಲ ಎಲ್ಲ ನೋಡಿಸಿ: "ಯಜಮಾನ್ರೇ, ಈ ಕಾರಿಂದು ಏನಾದ್ರೂ ಬಿಚ್ಚಿಟ್ಟಿದ್ದೀರಾ?" ಎಂದು ಮನೆಯ ಹಿರಿಯರನ್ನೇ ಕೇಳಿ. ಬಹಳ ಸಲ ಇರುತ್ತದೆ.

ಸಾಗಿಸಲು ಫ್ಲಾಟ್‌ಬೆಡ್ ಬೇಕು. ಹಗ್ಗ ಕಟ್ಟಿ ಎಳೆಸಬೇಡಿ, ಹಿಂಭಾಗ ಹಿಡಿದು ಕ್ರೇನಿನಲ್ಲಿ ಎತ್ತಿಸಬೇಡಿ. ಸ್ವಿಂಗ್ ಆ್ಯಕ್ಸಲಿನ ಚಕ್ರಗಳು ಒಳಕ್ಕೆ ಮಡಚಿ, ಇಳಿಸಿದಾಗ ಹಾಗೇ ಕೂರುತ್ತವೆ. ಪಟ್ಟಿಯನ್ನು ಚಾಸಿಗೆ ಬಿಗಿಯಿರಿ.

ಮನೆಗೆ ಬಂದ ಮೇಲೆ ಬಿಚ್ಚುವ ಆತುರ ಬೇಡ. ಬಾಡಿ ಎರಡು ತುಂಡಾಗಿ, ಮೇಲ್ಛಾವಣಿಯೂ ಬೋಲ್ಟಿನಿಂದಲೇ ಬಿಚ್ಚಿ ಬರುವಂತೆ ಇರುವುದು ಸಣ್ಣ ಊರಿನ ಟಿಂಕರಿಂಗ್ ಶೆಡ್ಡಿಗೆ ದೊಡ್ಡ ಅನುಕೂಲ, ನಾಲ್ಕು ಜನ ಎತ್ತಿಡಬಹುದು. ಅದೇ ಅನುಕೂಲ ಅಪಾಯವೂ ಹೌದು. ಔಟ್‌ರಿಗ್ಗರುಗಳನ್ನೆಲ್ಲ ಒಂದೇ ಸಲ ಕತ್ತರಿಸಿದರೆ ಬಾಡಿ ಎಲ್ಲಿ ಕೂರಬೇಕು ಎಂಬ ಗುರುತೇ ಉಳಿಯುವುದಿಲ್ಲ. ನಾನು ಒಂದು ಬದಿಯದನ್ನು ಕತ್ತರಿಸಿ, ಹೊಸದನ್ನು ಬೆಸೆದು, ಬಾಡಿ ಇಟ್ಟು ಬಾಗಿಲು ಮುಚ್ಚಿ ಸಂದು ನೋಡಿ, ಆಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದೆ. ಬಾಡಿ ಎತ್ತುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಒಂದೊಂದು ಇಂಚಿನ ಚೌಕ ಪೈಪು ಬೆಸೆದದ್ದರಿಂದ ತಗಡು ಜಗ್ಗಲಿಲ್ಲ. ಪ್ರತಿ ಮೌಂಟಿನ ಕೆಳಗೆ ಎಷ್ಟು ಪ್ಯಾಕಿಂಗ್ ಇತ್ತು ಎಂದು ಎಣಿಸಿ, ಅಷ್ಟನ್ನೂ ಅದೇ ಬೋಲ್ಟಿನ ಜೊತೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಎಡ ಮುಂದೆ 2", "ಬಲ ಹಿಂದೆ 3" ಎಂದು ಚೀಟಿ ಬರೆದಿಟ್ಟೆ. ಬಣ್ಣದ ಮಾತು ಬಂದದ್ದು ಆ ಚೀಲಗಳೆಲ್ಲ ಖಾಲಿಯಾಗಿ, ಎರಡೂ ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡ ಮೇಲೆ.