ವೆಕ್ಟರ್ ಲೋಡ್‌ಗೆ ಪಾಯಿಂಟರ್ ಕೊಡುವುದನ್ನು ನಿಲ್ಲಿಸಿದ್ದು ಹೀಗೆ

ಲಾಗ್ ಫೈಲ್‌ಗಳಲ್ಲಿ ಸಾಲು ಎಣಿಸುವ ರಸ್ಟ್ ಭಾಷೆಯ ಒಂದು ಪುಟ್ಟ ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತೇನೆ. ಅದು ಒಂದೊಂದೇ ಬೈಟ್ ನೋಡುವುದಿಲ್ಲ. ಪ್ರೊಸೆಸರ್‌ನ ಎಸ್‌ಎಸ್‌ಇ2 ವೆಕ್ಟರ್ ರಿಜಿಸ್ಟರ್‌ಗೆ 16 ಬೈಟ್ ಒಟ್ಟಿಗೆ ತುಂಬಿಕೊಂಡು, ಎಲ್ಲವನ್ನೂ ಒಂದೇ ಸಲಕ್ಕೆ ಹೊಸ ಸಾಲಿನ ಗುರುತಿನ ಜೊತೆ ಹೋಲಿಸುತ್ತದೆ. ವೇಗ ಚೆನ್ನಾಗಿಯೇ ಇತ್ತು. ಆದರೆ ಕೋಡ್ ಫೈಲ್ ತುಂಬಾ ಅನ್‌ಸೇಫ್ ಬ್ಲಾಕ್‌ಗಳು, ಅಂದರೆ ಸುರಕ್ಷತೆಯ ಹೊಣೆ ಕಂಪೈಲರ್‌ನದ್ದಲ್ಲ, ಬರೆದವರದ್ದು ಅನ್ನುವ ಭಾಗಗಳು. ಯಾವುದು ಯಾಕೆ ಅನ್‌ಸೇಫ್ ಅಂತ ಓದಿದವರಿಗೆ ಗೊತ್ತಾಗುತ್ತಿರಲಿಲ್ಲ.

ಮೊದಲು ಅವನ್ನು ವಿಂಗಡಿಸಿದೆ. ಕಾರಣ ಎರಡೇ. ಒಂದು, ಆ ಇನ್‌ಸ್ಟ್ರಕ್ಷನ್ ಪ್ರೊಸೆಸರ್‌ನಲ್ಲಿ ಇರಬೇಕು. ಇನ್ನೊಂದು, ಓದುವ ಬರೆಯುವ ಮೆಮೊರಿ ಸರಿಯಾಗಿರಬೇಕು. ಮೊದಲನೆಯದನ್ನು ಭಾಷೆಯೇ ಬಗೆಹರಿಸಿಬಿಟ್ಟಿದೆ. 2025ರಲ್ಲಿ ಬಂದ ರಸ್ಟ್ 1.86 ಮತ್ತು 1.87 ಆವೃತ್ತಿಗಳ ನಂತರ, ಟಾರ್ಗೆಟ್ ಫೀಚರ್ (ಯಾವ ಇನ್‌ಸ್ಟ್ರಕ್ಷನ್‌ಗಳು ಬೇಕು ಅನ್ನುವ ಗುರುತು) ಹಚ್ಚಿದ ಫಂಕ್ಷನ್ ಒಳಗೆ ಕೂಡುವುದು, ಹೋಲಿಸುವುದು, ಮಾಸ್ಕ್ (ಪ್ರತಿ ಬೈಟ್‌ನ ಹೋಲಿಕೆಗೆ ಒಂದೊಂದು ಬಿಟ್) ಪಡೆಯುವುದು ಇವಕ್ಕೆಲ್ಲ ಅನ್‌ಸೇಫ್ ಬೇಕಿಲ್ಲ. ಪಾಯಿಂಟರ್ (ಬರಿಯ ಮೆಮೊರಿ ವಿಳಾಸ) ತೆಗೆದುಕೊಳ್ಳುವವಕ್ಕೆ ಮಾತ್ರ ಬೇಕು. ಅಂದರೆ ಉಳಿದದ್ದು ಮೆಮೊರಿಯಿಂದ ಓದುವ ಲೋಡ್ ಮತ್ತು ಮೆಮೊರಿಗೆ ಬರೆಯುವ ಸ್ಟೋರ್.

ನನ್ನ ಪರಿಹಾರ ತೀರಾ ಸರಳ. ಲೋಡ್‌ಗೆ ಒಂದು ಪುಟ್ಟ ಹೊದಿಕೆ ಫಂಕ್ಷನ್ ಬರೆದೆ. ಅದು ಪಾಯಿಂಟರ್ ಕೇಳುವುದಿಲ್ಲ, 16 ಬೈಟ್‌ಗಳ ಅರೇಯ ರೆಫರೆನ್ಸ್ ಕೇಳುತ್ತದೆ. ಅಂಥ ರೆಫರೆನ್ಸ್ ಕೈಯಲ್ಲಿದೆ ಅಂದರೆ ಅಲ್ಲಿ 16 ಬೈಟ್ ಇದ್ದೇ ಇದೆ, ಓದಬಹುದು, ಬೆಲೆ ತುಂಬಿದೆ ಅಂತ ಅರ್ಥ. ಸ್ಟೋರ್‌ಗೂ ಹೀಗೆಯೇ, ಅಲ್ಲಿ ಬದಲಾಯಿಸಬಹುದಾದ ರೆಫರೆನ್ಸ್. ಅನ್‌ಸೇಫ್ ಸಾಲು ಆ ಎರಡು ಫಂಕ್ಷನ್‌ಗಳ ಒಳಗೆ ಮಾತ್ರ ಉಳಿಯಿತು.

ಒಳಗಡೆ ನಾನು ಬಳಸುವುದು ಅನ್‌ಅಲೈನ್ಡ್ ಲೋಡ್, ಅಂದರೆ ವಿಳಾಸ 16ರಿಂದ ಭಾಗವಾಗಲೇಬೇಕು ಅನ್ನದ ಲೋಡ್. ಬೈಟ್ ಪಾಯಿಂಟರನ್ನು ವೆಕ್ಟರ್ ಪಾಯಿಂಟರ್ ಆಗಿ ಕ್ಯಾಸ್ಟ್ ಮಾಡಿ ಸುಮ್ನೆ ಓದಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ವೆಕ್ಟರ್ ಟೈಪ್‌ಗೆ 16ರ ಅಲೈನ್‌ಮೆಂಟ್ ಬೇಕು. ಅದು ಇದ್ದೇ ಇದೆ ಅಂದುಕೊಂಡು ಕಂಪೈಲರ್ ಅಲೈನ್ ಆದ ವಿಳಾಸವನ್ನೇ ಕೇಳುವ ಮೂವ್‌ಎಪಿಎಸ್ ಇನ್‌ಸ್ಟ್ರಕ್ಷನ್ ಹಾಕಬಹುದು. ವಿಳಾಸ 16ರಿಂದ ಭಾಗವಾಗದಿದ್ದರೆ ಪ್ರೊಸೆಸರ್ ಅಲ್ಲೇ ನಿಲ್ಲಿಸುತ್ತದೆ. ಲಿನಕ್ಸ್‌ನಲ್ಲಿ ಇದು ಸೆಗ್‌ಫಾಲ್ಟ್ ಆಗಿ ಕಾಣುತ್ತದೆ. ಡಿಬಗರ್‌ನಲ್ಲಿ ನೋಡಿದರೆ ವಿಳಾಸ ಪೂರ್ತಿ ಸರಿಯಾಗಿಯೇ ಇರುತ್ತದೆ, ತಲೆ ಕೆಡುವುದು ಇಲ್ಲೇ. ಇನ್ನೂ ಕಿರಿಕಿರಿ ಅಂದರೆ, ಅದೇ ಕೋಡನ್ನು ಎವಿಎಕ್ಸ್ (ಎಸ್‌ಎಸ್‌ಇ ನಂತರ ಬಂದ ವೆಕ್ಟರ್ ಇನ್‌ಸ್ಟ್ರಕ್ಷನ್‌ಗಳು) ಆನ್ ಮಾಡಿ ಕಂಪೈಲ್ ಮಾಡಿದರೆ ದೋಷ ಮಾಯವಾಗಬಹುದು. ಅಲ್ಲಿ ಲೆಕ್ಕದ ಇನ್‌ಸ್ಟ್ರಕ್ಷನ್‌ಗಳು ನೇರವಾಗಿ ಮೆಮೊರಿ ಓದುವಾಗ ಅಲೈನ್‌ಮೆಂಟ್ ನೋಡುವುದಿಲ್ಲ. ಇತ್ತೀಚಿನ ಪ್ರೊಸೆಸರ್‌ಗಳಲ್ಲಿ ಅನ್‌ಅಲೈನ್ಡ್ ಲೋಡ್‌ಗೆ ದಂಡ ಬೀಳುವುದು ಮುಖ್ಯವಾಗಿ 64 ಬೈಟ್‌ನ ಕ್ಯಾಶ್ ಲೈನ್ ಅಥವಾ ಪೇಜ್ (ವ್ಯವಸ್ಥೆ ಮೆಮೊರಿ ಹಂಚುವ ತುಂಡು) ಗಡಿ ದಾಟಿದಾಗ. ಆದ್ದರಿಂದ ಅಲೈನ್ಡ್ ಲೋಡ್‌ನ ಆಸೆಯನ್ನೇ ಬಿಟ್ಟೆ.

(ಸಿ ಬರೆಯುವವರಿಗೆ: ಸ್ಥಿರ ಅಳತೆಯ ಮೆಮ್‌ಕಾಪಿ ಇದೇ ಕೆಲಸ ಮಾಡುತ್ತದೆ. ಆಪ್ಟಿಮೈಸೇಶನ್ ಆನ್ ಇದ್ದರೆ ಅದು ಒಂದೇ ಲೋಡ್ ಆಗುತ್ತದೆ, ಅಲಿಯಾಸಿಂಗ್ ನಿಯಮಕ್ಕೂ ಧಕ್ಕೆ ಇಲ್ಲ.)

ಸ್ಲೈಸ್‌ನಿಂದ (ಉದ್ದ ಮೊದಲೇ ನಿಗದಿಯಾಗದ ಬೈಟ್ ಸಾಲಿನಿಂದ) ಅರೇ ರೆಫರೆನ್ಸ್ ಪಡೆಯಲು ರಸ್ಟ್ 1.88ರಲ್ಲಿ ಸ್ಥಿರವಾದ ಆಸ್ ಚಂಕ್ಸ್ ಅನ್ನುವ ಮೆಥಡ್ ಇದೆ. 16ರ ತುಂಡುಗಳು ಒಂದು ಕಡೆ, ಮಿಕ್ಕಿದ ಬಾಲ ಇನ್ನೊಂದು ಕಡೆ. ಅಸೆಂಬ್ಲಿ ತೆಗೆದು ನೋಡಿದೆ. ಲೂಪ್ ಒಳಗೆ ಬೌಂಡ್ಸ್ ಚೆಕ್ (ಮಿತಿ ಮೀರಿತೇ ಅನ್ನುವ ಪರಿಶೀಲನೆ) ಇರಲಿಲ್ಲ.

ನಿಜವಾದ ತಲೆನೋವು ಬಾಲದ್ದು. 16 ಬೈಟ್ ತುಂಬದ ಆ ಕೊನೆಯ ಚೂರನ್ನು ಏನು ಮಾಡುವುದು? ಹಳೆಯ ಉಪಾಯ ಒಂದಿದೆ. 16ಕ್ಕೆ ಅಲೈನ್ ಆದ 16 ಬೈಟ್ ಓದು ಎಂದೂ 4096 ಬೈಟ್‌ನ ಪೇಜ್ ಗಡಿ ದಾಟುವುದಿಲ್ಲ, ಹಾಗಾಗಿ ಬಫರ್ ಆಚೆಗೆ ಓದಿದರೂ ಪ್ರೋಗ್ರಾಂ ಬೀಳುವುದಿಲ್ಲ. ಅಸೆಂಬ್ಲಿಯಲ್ಲಿ ಬರೆದರೆ ಇದು ಸರಿ. ರಸ್ಟ್‌ನಲ್ಲೋ ಸಿಯಲ್ಲೋ ಬರೆದರೆ, ಹಾರ್ಡ್‌ವೇರ್ ಸುಮ್ಮನಿದ್ದರೂ ಭಾಷೆಯ ನಿಯಮ ಮುರಿದಂತೆಯೇ. ನನಗೆ ಅದು ಬೇಡ. ಬಾಲವನ್ನು ಸೊನ್ನೆ ತುಂಬಿದ ಅರೇಗೆ ನಕಲು ಮಾಡುವುದು ಇನ್ನೊಂದು ದಾರಿ. ಸಾಲು ಎಣಿಸುವಾಗ ಸೊನ್ನೆಯಿಂದ ತೊಂದರೆ ಇಲ್ಲ. ಸೊನ್ನೆ ಬೈಟನ್ನೇ ಹುಡುಕುತ್ತಿದ್ದರೆ ಮಾತ್ರ ಉತ್ತರ ತಪ್ಪುತ್ತದೆ.

ನಾನು ಆರಿಸಿಕೊಂಡದ್ದು ಹಿಂದಕ್ಕೆ ಸರಿದು ಓದುವುದು. ಸ್ಲೈಸ್‌ನ ಕಟ್ಟಕಡೆಯ 16 ಬೈಟ್‌ಗಳನ್ನೇ ಲೋಡ್ ಮಾಡುತ್ತೇನೆ. ಇದಕ್ಕೆ ಲಾಸ್ಟ್ ಚಂಕ್ ಅನ್ನುವ ಮೆಥಡ್ ಇದೆ, ಅದೂ ಅರೇ ರೆಫರೆನ್ಸನ್ನೇ ಕೊಡುತ್ತದೆ. ಒಟ್ಟು ಉದ್ದ 16ಕ್ಕಿಂತ ಕಡಿಮೆ ಇದ್ದರೆ ‘ಏನೂ ಇಲ್ಲ’ (None) ಅನ್ನುವ ಉತ್ತರ ಬರುತ್ತದೆ, ಆಗ ಸಾಮಾನ್ಯ ಲೂಪ್. ಹೀಗೆ ಓದಿದಾಗ ಕೆಲವು ಬೈಟ್ ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಬಾಲದ ಉದ್ದ 5 ಅನ್ನಿ. ಹೋಲಿಕೆಯಿಂದ ಬಂದ 16 ಬಿಟ್‌ಗಳ ಮಾಸ್ಕ್‌ನಲ್ಲಿ ಕೆಳಗಿನ 11 ಬಿಟ್ ಆಗಲೇ ಎಣಿಸಿದವು. ಮಾಸ್ಕನ್ನು 11 ಸ್ಥಾನ ಬಲಕ್ಕೆ ತಳ್ಳಿದರೆ ಹೊಸ 5 ಮಾತ್ರ ಉಳಿಯುತ್ತವೆ. ಅಷ್ಟೇ. ಎವಿಎಕ್ಸ್-512ರ ಬಿಡಬ್ಲ್ಯೂ ವಿಸ್ತರಣೆ ಇದ್ದ ಕಡೆ ಬೇಕಾದ ಬೈಟ್‌ಗಳನ್ನಷ್ಟೇ ಓದುವ ಮಾಸ್ಕ್ ಲೋಡ್ ಇದೆ, ಮುಚ್ಚಿದ ಲೇನ್‌ಗಳಿಂದ (ರಿಜಿಸ್ಟರ್‌ನ ಒಂದೊಂದು ಸ್ಥಾನದಿಂದ) ಫಾಲ್ಟ್ ಬರುವುದಿಲ್ಲ. ಆದರೆ ಎಲ್ಲ ಯಂತ್ರದಲ್ಲೂ ಅದು ಇರುವುದಿಲ್ಲ.

ಪರೀಕ್ಷೆಗೆ ಎಂಮ್ಯಾಪ್‌ನಿಂದ (ವ್ಯವಸ್ಥೆಯಿಂದ ಮೆಮೊರಿ ಕೇಳುವ ಕರೆ) ಒಂದು ಪೇಜ್ ತೆಗೆದುಕೊಂಡು, ಅದರ ಹಿಂದೆ ಮುಂದೆ ಯಾರೂ ಮುಟ್ಟಲಾಗದ ಕಾವಲು ಪೇಜ್ ಇಟ್ಟೆ. ಸ್ಲೈಸ್ ಸರಿಯಾಗಿ ಪೇಜ್ ಅಂಚಿನಲ್ಲಿ ಮುಗಿಯುವಂತೆ ಇಟ್ಟು, ಸೊನ್ನೆಯಿಂದ ಶುರುಮಾಡಿ ಎಲ್ಲ ಉದ್ದಕ್ಕೂ ಓಡಿಸಿದೆ. ಆಮೇಲೆ ಪೇಜ್ ಆರಂಭದಲ್ಲಿ ಇಟ್ಟು ಅದನ್ನೇ ಮಾಡಿದೆ. ಹಿಂದಕ್ಕೆ ಸರಿದು ಓದುವ ಕೋಡ್‌ಗೆ ಈ ಎರಡನೆಯದೇ ಜಾಸ್ತಿ ಮುಖ್ಯ. ರಸ್ಟ್ ಕೋಡಿನಲ್ಲಿ ನಿಯಮ ಮುರಿದದ್ದನ್ನು ಹುಡುಕುವ ಮೀರಿ (Miri) ಎಂಬ ಉಪಕರಣದಲ್ಲೂ ಓಡಿಸಿದೆ. ಅಲೈನ್‌ಮೆಂಟ್ ತಪ್ಪು, ಒಂದೇ ಪೇಜ್ ಒಳಗಿನ ಅತಿಕ್ರಮ ಇವನ್ನು ಅದು ಹಿಡಿಯುತ್ತದೆ, ಕಾವಲು ಪೇಜ್‌ಗೆ ಕಾಣುವುದಿಲ್ಲ.

ಚದುರಿದ ಜಾಗಗಳಿಂದ ಒಟ್ಟಿಗೆ ಓದುವ ಗ್ಯಾದರ್ ಇನ್‌ಸ್ಟ್ರಕ್ಷನ್ ಮಾತ್ರ ಈ ಹೊದಿಕೆಗೆ ಒಗ್ಗಲಿಲ್ಲ. ಅಲ್ಲಿ ಪ್ರತಿ ಲೇನ್‌ಗೂ ಬೇರೆ ಬೇರೆ ಇಂಡೆಕ್ಸ್, ಪ್ರತಿಯೊಂದನ್ನೂ ಉದ್ದದ ಜೊತೆ ಹೋಲಿಸಬೇಕು. ಎವಿಎಕ್ಸ್2 ಗ್ಯಾದರ್ ಇಂಡೆಕ್ಸನ್ನು ಸೈನ್ಡ್ ಆಗಿ ಓದುತ್ತದೆ, ಹಾಗಾಗಿ ಮೈನಸ್ ಬಂದರೆ ಬಫರ್ ಹಿಂದಕ್ಕೆ ಹೋಗುತ್ತದೆ. ಮೇಲಿನ ಮಿತಿಯಷ್ಟನ್ನೇ ನೋಡಿದರೆ ಸಾಲದು. ಈ ಚೆಕ್‌ಗಳನ್ನೆಲ್ಲ ಸೇರಿಸಿ ಅಳೆದಾಗ ಸಾಮಾನ್ಯ ಇಂಡೆಕ್ಸಿಂಗ್‌ಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಗ್ಯಾದರ್ ತೆಗೆದು ಹಾಕಿ, ಆ ಜಾಗದಲ್ಲಿ ಸಾದಾ ಲೂಪ್ ಬಿಟ್ಟಿದ್ದೇನೆ.