ಬೋಟಿನ ಮೋಟಾರು ಬಿಸಿಯೇರುತ್ತಿದೆಯೇ? ಥರ್ಮೋಸ್ಟ್ಯಾಟ್ ಬಿಚ್ಚಿ ನೋಡಿ

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಆ 61 ದಿನ ಬೇತುಲ್, ಮಾಲಿಂ, ವಾಸ್ಕೋ ಎಲ್ಲ ಕಡೆ ಬೋಟುಗಳು ದಡ ಸೇರಿರುತ್ತವೆ. ಕಾರವಾರ, ಅಂಕೋಲಾ, ಹೊನ್ನಾವರದಿಂದ ಬಂದು ಇಲ್ಲಿ ದುಡಿಯುವ ನಮ್ಮವರು ಊರಿಗೆ ಹೊರಡುವ ಹೊತ್ತು ಅದು. ಹೊರಡುವ ಮುಂಚೆ ಒಂದು ಬೆಳಗ್ಗೆ ಔಟ್‌ಬೋರ್ಡ್ ಮೋಟಾರಿಗೆ, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಮೋಟಾರಿಗೆ, ಕೊಡಿ. ಇಂಜಿನ್ನಿನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್ ಬದಲಾಯಿಸಲು ಅಷ್ಟು ಸಮಯ ಸಾಕು.

ಮೂರು ವರ್ಷದ ಹಿಂದಿನ ಮಾತು. ಸಾಲ್ ನದಿಯ ಅಳಿವೆ ಬಾಯಲ್ಲಿ ನಮ್ಮ ಮೋಟಾರು ಬಿಸಿಯೇರಿದಾಗ ಎಚ್ಚರಿಸುವ ಬಝರ್ ಕೂಗಿಕೊಂಡಿತು. ಹಿಂದೆ ತಿರುಗಿ ನೋಡಿದೆ. ತಣ್ಣಗಾಗಿಸುವ ನೀರಿನ ಧಾರೆ ಚೆನ್ನಾಗಿಯೇ ಬೀಳುತ್ತಿತ್ತು. ನೀರು ಬರುತ್ತಿದೆಯಲ್ಲ, ಬಝರಿನ ವೈರೇ ಕೆಟ್ಟಿರಬೇಕು ಎಂದುಕೊಂಡು ಮುಂದೆ ಓಡಿಸಿದೆವು. ದಡ ಸೇರುವಷ್ಟರಲ್ಲಿ ಹೆಡ್ ಪ್ಯಾಕಿಂಗ್ (ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್) ಸುಟ್ಟಿತ್ತು. ಬಿಚ್ಚಿದಾಗ ಥರ್ಮೋಸ್ಟ್ಯಾಟ್ ಮುಚ್ಚಿದ ಹಾಗೇ ಹಿಡಿದುಕೊಂಡಿತ್ತು. ಅದರ ಸುತ್ತ ಬಿಳಿ ಉಪ್ಪು ಸುಣ್ಣದ ಹಾಗೆ ಗಟ್ಟಿಯಾಗಿತ್ತು.

ಬಹಳ ಮೋಟಾರುಗಳಲ್ಲಿ ಆ ಧಾರೆ ಹೊರಡುವುದು ಥರ್ಮೋಸ್ಟ್ಯಾಟಿಗಿಂತ ಮುಂಚೆಯೇ. ಕೆಳಗಿನ ಪಂಪ್ ನೀರು ಎತ್ತುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ನೀರು ಇಂಜಿನ್ ಸುತ್ತಿ ಹೊರಗೆ ಹೋಗುತ್ತಿದೆಯೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ಅದಕ್ಕೇ ಧಾರೆ ಇದ್ದರೂ ಬಝರ್ ಕೂಗಿದರೆ ಬಝರನ್ನೇ ನಂಬಿ.

ಥರ್ಮೋಸ್ಟ್ಯಾಟ್ ಅಂದರೆ ಒಂದು ಸಣ್ಣ ಬಾಗಿಲು. ಅದರ ಹಿತ್ತಾಳೆ ಬಟ್ಟಲಲ್ಲಿ ಮೇಣ ತುಂಬಿರುತ್ತದೆ. ನೀರು ಬಿಸಿಯಾದರೆ ಮೇಣ ಕರಗಿ ಉಬ್ಬುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಕಾರಿನಲ್ಲಿ ಇದು 80 ಡಿಗ್ರಿ ದಾಟಿದ ಮೇಲೆ ತೆರೆಯುತ್ತದೆ. ಔಟ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್. ಇಲ್ಲಿ ಸುತ್ತುವುದು ಸಮುದ್ರದ ನೀರು. ಅದು ಹೆಚ್ಚು ಕಾದಷ್ಟೂ ಒಳಗಿನ ದಾರಿಗಳಲ್ಲಿ ಉಪ್ಪು, ಸುಣ್ಣ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಳತೆ ಸರಿ ಕೂತರೂ ಕಾರಿನದ್ದನ್ನು ಇದಕ್ಕೆ ಹಾಕಬೇಡಿ.

ಜೆಟ್ಟಿಯಲ್ಲಿ ಒಂದು ಸಲಹೆ ಯಾವಾಗಲೂ ಕೇಳಿಸುತ್ತದೆ: ‘ಅದನ್ನು ಕಿತ್ತು ಬಿಸಾಕು, ನೀರು ಆರಾಮಾಗಿ ಓಡಾಡ್ತದೆ.’ ದಯವಿಟ್ಟು ಬೇಡ. ಇಂಜಿನ್ ಬೇಕಾದಷ್ಟು ಬಿಸಿಯಾಗದಿದ್ದರೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ, ಸ್ಲೋದಲ್ಲಿ ಮೋಟಾರು ಕುಂಟುತ್ತದೆ. ಫೋರ್ ಸ್ಟ್ರೋಕ್ ಆದರೆ ಉರಿಯದ ಪೆಟ್ರೋಲ್ ಕೆಳಗೆ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ಮಟ್ಟ ಹಾಕಿದ್ದಕ್ಕಿಂತ ಜಾಸ್ತಿ ಕಂಡರೆ, ಥರ್ಮೋಸ್ಟ್ಯಾಟ್ ತೆರೆದ ಹಾಗೇ ನಿಂತಿರಬಹುದು. ಇಲ್ಲವೇ ಯಾರೋ ಆಗಲೇ ಕಿತ್ತಿರಬಹುದು. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಎಷ್ಟು ದಿನ ಬಾಳೀತು?

ಈಗ ಕೆಲಸ. ಇಂಜಿನ್ ಪೂರ್ತಿ ತಣ್ಣಗಿರಲಿ. ಮೋಟಾರನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ತೆಗೆಯಿರಿ, ಬ್ಯಾಟರಿ ಇದ್ದರೆ ವೈರ್ ಬಿಚ್ಚಿ. ಮೇಲಿನ ಮುಚ್ಚಳ ಎತ್ತಿದರೆ ಸಿಲಿಂಡರ್ ಹೆಡ್ ಅಥವಾ ಬ್ಲಾಕಿನ ಮೇಲ್ಭಾಗದಲ್ಲಿ ಕೆಲವೇ ಬೋಲ್ಟಿನ ಒಂದು ಸಣ್ಣ ಕವರ್ ಕಾಣುತ್ತದೆ. ಬಹಳಷ್ಟು ಕಡೆ 10ರ ಪಾನಾ ಸಾಕು. ವಿ ಆಕಾರದ ದೊಡ್ಡ ಮೋಟಾರಾದರೆ ಎರಡೂ ಬದಿಗೆ ಒಂದೊಂದು ಇರುತ್ತದೆ. ಎರಡನ್ನೂ ಒಟ್ಟಿಗೇ ಬದಲಾಯಿಸಿ.

ಕಷ್ಟ ಇರುವುದು ಆ ಬೋಲ್ಟುಗಳಲ್ಲೇ. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟ್, ಜೊತೆಗೆ ಉಪ್ಪು ನೀರು. ವರ್ಷಗಟ್ಟಲೆ ಬಿಚ್ಚದಿದ್ದರೆ ಎರಡೂ ಒಂದೇ ಆಗಿಬಿಟ್ಟಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಇಡಿ. ಬೆಳಗ್ಗೆ ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು. ಮೊದಲು ಕೂದಲೆಳೆಯಷ್ಟು ಟೈಟ್ ಮಾಡಿ, ಆಮೇಲೆ ಲೂಸ್ ಮಾಡಿ. ಮತ್ತೆ ಟೈಟ್, ಮತ್ತೆ ಲೂಸ್. ಕಿರ್ ಅಂದರೆ ನಿಲ್ಲಿಸಿ, ಇನ್ನಷ್ಟು ಎಣ್ಣೆ ಬಿಡಿ. ಬಗ್ಗದಿದ್ದರೆ ಹೀಟ್ ಗನ್ನಿನಿಂದ ಕವರ್ ಕಾಯಿಸಿ. ಪೆಟ್ರೋಲ್ ಪೈಪು ಪಕ್ಕದಲ್ಲೇ ಇರುವುದರಿಂದ ಬೆಂಕಿ ಮಾತ್ರ ಬೇಡವೇ ಬೇಡ. ಒಂದು ಬೋಲ್ಟ್ ಒಳಗೇ ಮುರಿದರೆ ಡ್ರಿಲ್, ಟ್ಯಾಪ್ ಅಂತ ಇಡೀ ದಿನ ಹೋಗುತ್ತದೆ. ಇಲ್ಲಿ ತಾಳ್ಮೆಯೇ ಉಳಿತಾಯ.

ಬೋಲ್ಟ್ ಬಂದ ಮೇಲೆ ಕವರಿಗೆ ಮರದ ತುಂಡಿಟ್ಟು ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ, ಮೈ ಗೀರಿದರೆ ಅಲ್ಲಿಂದಲೇ ನೀರು ಸೋರುತ್ತದೆ. ಥರ್ಮೋಸ್ಟ್ಯಾಟ್ ಯಾವ ದಿಕ್ಕಿಗೆ ಕೂತಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೇಣದ ಬಟ್ಟಲು, ಸ್ಪ್ರಿಂಗ್ ಇರುವ ಬದಿ ಇಂಜಿನ್ ಒಳಕ್ಕೆ. ತಿರುಗಾಮುರುಗಾ ಹಾಕಿದರೆ ಬಿಸಿ ತಾಗದೆ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ.

ಹೊಸದನ್ನೂ ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ. ಬಾಗಿಲ ಸಂದಿನಲ್ಲಿ ಒಂದು ನೈಲಾನ್ ದಾರ ಸಿಕ್ಕಿಸಿ. ಗಾಳದ ದಾರವೇ ಆಗಬಹುದು. ಆ ದಾರದಿಂದ ಥರ್ಮೋಸ್ಟ್ಯಾಟನ್ನು ತಪ್ಪಲೆ ನೀರಿನಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಬಾಗಿಲು ತೆರೆದ ಕ್ಷಣ ದಾರ ಬಿಟ್ಟುಕೊಂಡು ಅದು ಟಣ್ ಎಂದು ತಳಕ್ಕೆ ಬೀಳುತ್ತದೆ. ಆಗಿನ ಡಿಗ್ರಿ ನೋಡಿ, ಮ್ಯಾನ್ಯುಯಲ್‌ನಲ್ಲಿ ಇರುವ ಅಂಕಿಯ ಜೊತೆ ಹೋಲಿಸಿ. ನೀರು ಕುದಿಯುತ್ತಿದ್ದರೂ ದಾರದಲ್ಲೇ ನೇತಾಡುತ್ತಿದ್ದರೆ ಅದು ಸತ್ತಿದೆ ಎಂದೇ ಅರ್ಥ.

ಜೋಡಿಸುವ ಮುಂಚೆ ಥರ್ಮೋಸ್ಟ್ಯಾಟ್ ಕೂರುವ ಗೂಡನ್ನು ಶುಚಿ ಮಾಡಿ. ಹಳೇ ಪ್ಯಾಕಿಂಗನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಬಿಳಿ ಸುಣ್ಣಕ್ಕೆ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬ್ರಶ್ಶಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ಪ್ಯಾಕಿಂಗ್ ಪ್ರತಿಸಲವೂ ಹೊಸದೇ ಆಗಬೇಕು. ಅದರ ಮೇಲೆ ಗಮ್ ಮೆತ್ತಬೇಡಿ, ಉಳಿದದ್ದು ಒಳಗೆ ಹೋಗಿ ನೀರಿನ ದಾರಿ ಕಟ್ಟುತ್ತದೆ. ಬೋಲ್ಟಿನ ತಿರುಪಿಗೆ ಮರೀನ್ ಗ್ರೀಸ್ ಹಚ್ಚಿ, ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಒಂದಾದ ಮೇಲೆ ಒಂದರಂತೆ ಸ್ವಲ್ಪ ಸ್ವಲ್ಪ ಬಿಗಿಮಾಡಿ. ಉದ್ದ ಪಾನಾ ಹಿಡಿದು ಬಲ ತೋರಿಸುವ ಜಾಗ ಅಲ್ಲ ಇದು.

ಕೊನೆಗೆ ಮೋಟಾರಿನ ಕಾಲನ್ನು ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿ. ಪಂಪ್ ಪೂರ್ತಿ ಮುಳುಗುವಷ್ಟು ನೀರಿರಲಿ. ನೀರು ತಳ್ಳುವ ಒಳಗಿನ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ನೀರಿಲ್ಲದೆ ಕೆಲವೇ ಸೆಕೆಂಡ್ ತಿರುಗಿದರೂ ಹಾಳಾಗಬಹುದು. ಗೋವಾದ ಅಳಿವೆಗಳಲ್ಲಿ ಮರಳು ದಿಬ್ಬ ಜಾಸ್ತಿ, ಇಳಿತದ ಹೊತ್ತಿಗೆ ಮೋಟಾರು ಮರಳನ್ನೇ ಕುಡಿಯುತ್ತದೆ. ಆದ್ದರಿಂದ ಇಂಪೆಲ್ಲರನ್ನು ವರ್ಷಕ್ಕೊಮ್ಮೆ ಬದಲಾಯಿಸಿ. ರೆಕ್ಕೆ ಮುರಿದಿದ್ದರೆ ಆ ತುಂಡು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಲೇಬೇಕು, ಬಹಳ ಸಲ ಅದು ಮೇಲಕ್ಕೆ ಹೋಗಿ ಥರ್ಮೋಸ್ಟ್ಯಾಟ್ ಹತ್ತಿರವೇ ಕೂತಿರುತ್ತದೆ.

ಸಮುದ್ರದಿಂದ ಬಂದ ಮೇಲೆ ಸಿಹಿನೀರು ಹಾಯಿಸುವುದನ್ನು ಎಲ್ಲರೂ ಮಾಡುತ್ತಾರೆ, ಆದರೆ ಎರಡೇ ನಿಮಿಷಕ್ಕೆ ನಿಲ್ಲಿಸುತ್ತಾರೆ. ಇಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ ತೆರೆದರೆ ಮಾತ್ರ ಅದರ ಹಿಂದಿನ ಉಪ್ಪು ತೊಳೆಯುತ್ತದೆ. ಹತ್ತು ಹದಿನೈದು ನಿಮಿಷ ಸ್ಲೋದಲ್ಲಿ ಓಡಲಿ.

ಇಷ್ಟಾದರೂ ನಡುನೀರಿನಲ್ಲಿ ಬಝರ್ ಕೂಗಿದರೆ ತಕ್ಷಣ ಸ್ಲೋ ಮಾಡಿ ನ್ಯೂಟ್ರಲ್‌ಗೆ ತನ್ನಿ. ಧಾರೆ ನಿಂತಿದ್ದರೆ ಆಫ್ ಮಾಡಿ, ಲಂಗರು ಹಾಕಿ, ಮೋಟಾರು ಎತ್ತಿ ನೀರು ಒಳಹೋಗುವ ಜಾಲರಿ ನೋಡಿ. ಪ್ಲಾಸ್ಟಿಕ್ ಚೀಲ ಅಂಟಿರುವುದೇ ಹೆಚ್ಚು. ಧಾರೆ ಇದ್ದೂ ಬಝರ್ ನಿಲ್ಲದಿದ್ದರೂ ಆಫ್ ಮಾಡಿ. ಕಾದ ಹೆಡ್ಡಿನ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡುತ್ತದೆ. ತಾನಾಗಿ ಆರಲಿ. ನಮ್ಮ ಬೋಟಿನ ಡಬ್ಬಿಯಲ್ಲಿ ಈಗ ಒಂದು ಥರ್ಮೋಸ್ಟ್ಯಾಟ್, ಎರಡು ಪ್ಯಾಕಿಂಗ್, ಒಂದು ಇಂಪೆಲ್ಲರ್, 10ರ ಪಾನಾ ಯಾವಾಗಲೂ ಇರುತ್ತವೆ. ಬದಲಾಯಿಸಿದ ತಿಂಗಳನ್ನು ಮುಚ್ಚಳದ ಒಳಬದಿಗೆ ಮಾರ್ಕರ್‌ನಲ್ಲಿ ಬರೆದಿಡುತ್ತೇವೆ.